ದೇವೀರಕ್ಕನ ಅಡುಗೆಮನೆಯ ಬೂದು ಬೀರು

ಒದ್ದೆ ಬಟ್ಟೆಯಿಂದ ಒರೆಸಿದ ಸ್ಲೇಟಿನ ವಾಸನೆ ಬಂದರೆ ನನಗೆ ಇವತ್ತಿಗೂ ಅಪ್ಪ ಕೊಡಿಸದೆ ಹೋದ ಸೈಕಲ್ಲು ನೆನಪಾಗುತ್ತದೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಅದೇನು ಖುಷಿಯಲ್ಲಿದ್ದರೋ, ಊಟಕ್ಕೆ ಕೂತಲ್ಲೇ "ಬೇಸಿಗೆ ರಜಕ್ಕೆ ನಿನಗೊಂದು ಸೈಕಲ್ ತರ್ತೀನಿ ಮಗಳೇ" ಎಂದುಬಿಟ್ಟರು. ಅಮ್ಮ ಸಾರಿನ ಸೌಟನ್ನು ಎತ್ತಿ ಹಿಡಿದುಕೊಂಡೇ ಅವರನ್ನು ದುರುಗುಟ್ಟಿ ನೋಡಿದಳು. ನಮ್ಮೂರಿನಲ್ಲಿ ಹುಟ್ಟಿ ಬೆಳೆದ ಗಂಡಸು ಹಾಗೆ ಬಾಯಿ ಬಿಡಬಾರದಿತ್ತು. ಮಜ್ಜಿಗೆ ಅನ್ನಕ್ಕೆ ಬರುವಷ್ಟರಲ್ಲಿ ಪಡಸಾಲೆಯಲ್ಲಿ ಸೈಕಲ್ಲು ಬಂದು ನಿಂತಿತ್ತು. ಚಕ್ರ, ಸೀಟು, ಬೆಲ್ಲು ಎಲ್ಲವೂ ಬೂದು ಬಣ್ಣ, ಹತ್ತಿರ ಹೋದರೆ ಸ್ಲೇಟಿನ ವಾಸನೆ. ಬೆಲ್ಲು ಒತ್ತಿದರೆ ಸದ್ದಿಲ್ಲ, ಪೆಡಲು ತಿರುಗುವುದಿಲ್ಲ, ಹಿಡಿದೆಳೆದರೆ ಗೋಡೆಯ ಹಾಗೆ ಅಲುಗುವುದಿಲ್ಲ. ರಜ ಬಂತು, ಹೋಯಿತು, ಮತ್ತೆ ಬಂತು. ಅಮ್ಮ ಅದರ ಹ್ಯಾಂಡಲ್ಲಿನ ಮೇಲೆ ಒದ್ದೆ ಟವೆಲ್ಲು ಹರವತೊಡಗಿದಳು. ನಾವು ಮಕ್ಕಳು ಅದನ್ನು ಬಳಸಿಕೊಂಡು ಓಡಾಡಲು ಕಲಿತೆವು. ನಾನು ಏಳನೇ ಕ್ಲಾಸಿಗೆ ಬಂದ ವರ್ಷ ಒಂದು ಸಂಜೆ ಅಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮುಖ ಕೊಟ್ಟು, "ಸೈಕಲ್ ತರೋಕಾಗಲ್ಲ ಮಗಳೇ" ಎಂದರು. ಟವೆಲ್ಲು ದೊಪ್ಪನೆ ನೆಲಕ್ಕೆ ಬಿತ್ತು. ನಾನು ಅಳುತ್ತೇನೆಂದು ಎಲ್ಲರೂ ಕಾದರು. ನಾನು ಖಾಲಿಯಾದ ಜಾಗದಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಮನೆ ಬರೆದೆ.

ಇಂಥ ಊರಿನವರು ಹೇಗೆ ಮಾತಾಡುತ್ತಾರೆಂದು ನೀವೇ ಊಹಿಸಿಕೊಳ್ಳಬಹುದು. ನಾವು "ನೋಡೋಣ" ಅನ್ನುತ್ತೇವೆ, "ಆದ್ರೆ ಆಯ್ತು" ಅನ್ನುತ್ತೇವೆ. ಮದುವೆಗೆ ಕರೆಯಲು ಬಂದವರಿಗೆ ಬೇರೆ ಊರಿನವರು "ಖಂಡಿತ ಬರ್ತೀವಿ" ಅನ್ನುವ ಕಡೆ ನಾವು ಕೈಮುಗಿದು ಸುಮ್ಮನಾಗುತ್ತೇವೆ. ಇಲ್ಲದಿದ್ದರೆ ಛತ್ರದ ತುಂಬ ಬೂದು ಮನುಷ್ಯರು ಕೂತು, ಬಂದವರಿಗೆ ಪಂಕ್ತಿಯಲ್ಲಿ ಎಲೆ ಹಾಕಲು ಜಾಗವಿರುವುದಿಲ್ಲ. ಹಿಟ್ಟಿನ ಗಿರಣಿಯ ರೇವಣ್ಣ ಮದುವೆಯಾದ ಹೊಸತರಲ್ಲಿ ಹೆಂಡತಿಗೆ ರೇಷ್ಮೆ ಸೀರೆ ತರುತ್ತೇನೆಂದು ಮಾತು ಜಾರಿದ. ಹನ್ನೊಂದು ವರ್ಷದಿಂದ ಅವರ ಹಿತ್ತಲಿನ ತಂತಿಯ ಮೇಲೆ ಬೂದು ಸೀರೆ ನೇತಾಡುತ್ತಿದೆ. ಆ ಹೆಣ್ಣುಮಗಳು ಅದರ ನೆರಳಿನಲ್ಲಿ ಕೂತು ಅಕ್ಕಿ ಆರಿಸುತ್ತಾಳೆ. "ಉಡೋಕಿಲ್ದಿದ್ರೂ ಬಿಸಿಲಿಗಾಯ್ತು" ಎಂದು ಗಂಡನಿಗೆ ಕೇಳುವ ಹಾಗೆ ಹೇಳುತ್ತಾಳೆ.

ನಾನು ಆ ಕಾಲಕ್ಕೇ ಹೊರಗಿನ ಕಾಲೇಜಿಗೆ ಹೋಗಿ ಬಿಎಸ್ಸಿ ಓದಿ ಬಂದವಳು. ಮೂವತ್ತೆರಡು ವರ್ಷ ಇಲ್ಲಿನ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದೆ. ಊರಿಗೆಲ್ಲ ನಾನು ಬಿಎಸ್ಸಿ ಅಮ್ಮ. ನಿಜವಾದ ಹೆಸರು ರೇಷನ್ ಕಾರ್ಡಿಗೆ ಮಾತ್ರ ಗೊತ್ತು. ನಿವೃತ್ತಿಯಾದ ಮೇಲೆ ಒಬ್ಬಳಿಗಾಗಿ ಒಲೆ ಹಚ್ಚುವುದು ಬೇಸರವೆನಿಸಿ ದೇವೀರಕ್ಕನ ಮೆಸ್ಸಿನಿಂದ ಊಟ ತರಿಸಿಕೊಳ್ಳುತ್ತಿದ್ದೇನೆ. ದೇವೀರಕ್ಕ ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಆದರೂ ಊರೆಲ್ಲ ಕರೆಯುವಂತೆ ನಾನೂ ಅಕ್ಕ ಎನ್ನುತ್ತೇನೆ. ದಿನಕ್ಕೆ ನೂರ ನಲವತ್ತು ಕ್ಯಾರಿಯರ್ ತುಂಬುತ್ತಾಳೆ. ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂತವರಿಗೆ, ವರ್ಗವಾಗಿ ಬಂದ ಬ್ಯಾಂಕಿನವರಿಗೆ, ನನ್ನಂಥವರಿಗೆ. ಅವಳ ಅತ್ತೆಯ ಕಾಲದಿಂದ ಕ್ಯಾರಿಯರಿನ ಹಿಡಿಗೆ ಬಣ್ಣದ ದಾರ ಕಟ್ಟುವ ಪದ್ಧತಿಯಿತ್ತು. ಕೆಂಪೆಂದರೆ ಖಾರ ಕಡಿಮೆ, ಬಿಳಿಯೆಂದರೆ ಉಪ್ಪು ಬೇಡ, ಹಸಿರೆಂದರೆ ಬೆಳ್ಳುಳ್ಳಿ ಬೇಡ, ನೀಲಿಯೆಂದರೆ ಬದನೆಕಾಯಿ ಆಗದು. ನನ್ನದು ನೀಲಿ. ಬದನೆಕಾಯಿ ತಿಂದರೆ ನನಗೆ ಮೈಯೆಲ್ಲ ತುರಿಕೆ.

ಎರಡು ವರ್ಷದ ಹಿಂದೆ ಜಿನದತ್ತ ಎಂಬ ಸಣಕಲು ಮನುಷ್ಯ, ನಲವತ್ತರ ಆಸುಪಾಸಿನವನು, ಒಂದು ಕಂಪನಿಯ ಏಜೆಂಟಾಗಿ ನಮ್ಮೂರಿನಲ್ಲಿ ಬಸ್ಸಿಳಿದ. ಕಂಪನಿಯ ಹೆಸರು ಬಹಳ ಉದ್ದ, ನಾವು ಬರೀ ಕಂಪನಿ ಎಂದೆವು. ಅಂಗಡಿ, ಮೆಸ್ಸು, ಗಿರಣಿ ಯಾವುದಾದರೂ ಸರಿ, ದಿನದ ಕೆಲಸವನ್ನೆಲ್ಲ ಹಿಡಿದಿಟ್ಟುಕೊಳ್ಳುವ ಸಾಫ್ಟ್‌ವೇರ್ ಅವನದು. ಗೋಡೆಗೊಂದು ಪರದೆ, ತಿಂಗಳಿಗೊಂದು ಚಂದಾ. ಇಪ್ಪತ್ತೆರಡು ಅಂಗಡಿಯವರು ಹಾಕಿಸಿಕೊಂಡರು. ಸುಳ್ಳೇಕೆ ಹೇಳಲಿ, ಇದ್ದಷ್ಟು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಯಾವ ಕ್ಯಾರಿಯರ್ ಯಾವ ಬೀದಿಗೆ ಹೋಗಬೇಕು, ಯಾರು ಇವತ್ತು ಬೇಡವೆಂದಿದ್ದಾರೆ ಎಂಬುದನ್ನೆಲ್ಲ ಬೆಳಗ್ಗೆಯೇ ಪಟ್ಟಿ ಮಾಡಿ ತೋರಿಸುತ್ತಿತ್ತು. ಮೂಲ ಸಾಫ್ಟ್‌ವೇರಿಗೆ ಬೇರೆ ಚಂದಾ ಕಟ್ಟಿ ಅಂಟಿಸಿಕೊಳ್ಳುವ ಸಣ್ಣಪುಟ್ಟ ಜೋಡಣೆಗಳೂ ಇದ್ದವು. ಅವಕ್ಕೆ ಕಂಪನಿ ಏನು ಹೆಸರಿಟ್ಟಿತ್ತೋ, ನಮ್ಮೂರಿನವರು ಬಾಲ ಎಂದು ಕರೆದರು. ಟೈಲರ್ ಇಮಾಂ ಸಾಬರು ಗಿರಾಕಿಗಳ ಅಳತೆ ನೆನಪಿಡುವ ಬಾಲ ಕೊಂಡರು. ಅದು ಅಲ್ಲಾಡಬೇಕಾದರೆ ಮೂಲದಲ್ಲಿ ಇನ್ನೊಂದು ಸೌಲಭ್ಯ ಬರಬೇಕು, ಅದು ಮುಂದೆ ಬರಲಿದೆ ಎಂದು ಆಮೇಲೆ ತಿಳಿಯಿತು. "ಕುದುರೆ ಇನ್ನೂ ಹುಟ್ಟಿಲ್ಲ, ಬಾಲ ಕಳಿಸಿದಾರೆ ನೋಡಿ" ಎಂದು ಅವರು ಬಂದವರಿಗೆಲ್ಲ ಪರದೆ ತೋರಿಸುತ್ತಿದ್ದರು.

ತಿಂಗಳಿಗೊಮ್ಮೆ ಕಂಪನಿಯಿಂದ ಇಂಗ್ಲಿಷಿನಲ್ಲಿ ಒಂದು ಕಾಗದ ಬರುತ್ತಿತ್ತು, ಮುಂದೆ ಬರಲಿರುವ ಸೌಲಭ್ಯಗಳ ಬಗ್ಗೆ. ಮೊದಲ ಮಂಗಳವಾರ ಬೆಳಗ್ಗೆ ಚಂದಾದಾರರೆಲ್ಲ ರೇವಣ್ಣನ ಗಿರಣಿಯ ಜಗಲಿಯಲ್ಲಿ ಸೇರುತ್ತಿದ್ದರು. ಕಾಗದ ತಂದವನು ಜಿನದತ್ತನಾದರೂ ಮೊದಲ ದಿನವೇ ಅವನನ್ನು ಸುಮ್ಮನಿರಿಸಿ "ನಮ್ಮ ಅಮ್ಮ ಓದಿ ಹೇಳ್ಲಿ" ಎಂದು ನನ್ನ ಕೈಗೆ ಕೊಟ್ಟರು. ನಾನು ಕನ್ನಡಕ ಹಾಕಿಕೊಂಡು, ಒಂದೊಂದನ್ನೇ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ. ಹೇಳಿ ಮುಗಿಸುವುದರೊಳಗೆ ಅಂಗಡಿ ಅಂಗಡಿಯಲ್ಲಿ ಬೂದು ಸಾಮಾನು ಇಳಿದಿರುತ್ತಿತ್ತು. ಬಾಯಲ್ಲಿ ಹೇಳಿದ್ದನ್ನು ಕೇಳಿಸಿಕೊಳ್ಳುವ ಸೌಲಭ್ಯ ಬರಲಿದೆ ಎಂದ ದಿನ ಗಿರಣಿಯ ಗೋಡೆಯಲ್ಲಿ ಮೊರದಗಲದ ಬೂದು ಕಿವಿ ಮೂಡಿತು. ರೇವಣ್ಣ ಅದಕ್ಕೆ ಖಾಲಿ ಚೀಲ ಸಿಕ್ಕಿಸಿದ. ಅಳತೆಯ ಬಾಲಕ್ಕೆ ಬೇಕಾದ ಸೌಲಭ್ಯ ಬರಲಿದೆ ಎಂದಾಗ ಇಮಾಂ ಸಾಬರ ಅಂಗಡಿಯಲ್ಲಿ ತಲೆಯಿಲ್ಲದ ಐದು ಬೂದು ಬೊಂಬೆಗಳು ಸಾಲಾಗಿ ನಿಂತವು. ಅವರು ಅವಕ್ಕೆ ಹೊಲಿದ ಕೋಟು ತೊಡಿಸಿದರು. ಜನ ಯಾವುದಕ್ಕಾದರೂ ಹೊಂದಿಕೊಂಡುಬಿಡುತ್ತಾರೆ.

ದೇವೀರಕ್ಕನ ಪಾಲಿಗೆ ಬಂದದ್ದು ಬೀರು. ಒಬ್ಬೊಬ್ಬರ ಊಟದ ಪಥ್ಯವನ್ನು ಸಾಫ್ಟ್‌ವೇರೇ ನೆನಪಿಟ್ಟುಕೊಂಡು, ಕ್ಯಾರಿಯರ್ ತುಂಬುವಾಗ ತಾನೇ ಹೇಳುವ ಸೌಲಭ್ಯ ಅದು. ಮೊದಲ ಬಾರಿ ನಾನು ಅದನ್ನು ಓದಿ ಹೇಳಿದ ದಿನ ಅವಳ ಅಡುಗೆಮನೆಯಲ್ಲಿ, ರುಬ್ಬುವ ಯಂತ್ರಕ್ಕೂ ಒಲೆಗೂ ನಡುವೆ, ಸಣ್ಣ ಸಣ್ಣ ಖಾನೆಗಳ ಬೂದು ಬೀರು ಬಂದು ನಿಂತಿತು. ದೇವೀರಕ್ಕ ಸಂಭ್ರಮದಿಂದ ಅದೇ ವಾರ ದಾರಗಳನ್ನೆಲ್ಲ ಬಿಚ್ಚಿ ಒಂದು ಬಿಸ್ಕತ್ತಿನ ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕಿದಳು. ಮುಂದಿನ ತಿಂಗಳೇ ಬರುವುದಕ್ಕೆ ಈ ಹಳೆಯ ಚಿಂದಿ ಯಾಕೆ ಎಂದಳು.

ಅದು ಬರಲಿಲ್ಲ. ಬೀರು ಮಾತ್ರ ಪ್ರತಿ ತಿಂಗಳ ಸಭೆಯ ದಿನ ಒಂದು ಸಾಲು ಖಾನೆ ಬೆಳೆಯಿತು, ಒಲೆಯ ಕಡೆಗೆ. ಆಸ್ಪತ್ರೆಯ ಬೀದಿಗೆ ಉಪ್ಪಿನ ಸಾರು ಹೋಯಿತು, ಬೆಳ್ಳುಳ್ಳಿ ಮುಟ್ಟದವರಿಗೆ ಬೆಳ್ಳುಳ್ಳಿ ಒಗ್ಗರಣೆ ಹೋಯಿತು. ನನಗೆ ವಾರಕ್ಕೆರಡು ದಿನ ಬದನೆಕಾಯಿ ಬಂತು. "ಎಣ್ಣೆಗಾಯಿ ಹೆಂಗಿತ್ತಮ್ಮ?" ಎಂದು ದೇವೀರಕ್ಕ ಕೇಳಿದರೆ "ಚೆನ್ನಾಗಿತ್ತು" ಅನ್ನುತ್ತಿದ್ದೆ. ಎದುರು ಮನೆಯ ಹಸು ನಿಜಕ್ಕೂ ಇಷ್ಟಪಟ್ಟು ತಿನ್ನುತ್ತಿತ್ತು.

ಜಗಲಿಯ ಸಭೆಗಳು ಬರಬರುತ್ತ ಬಿಸಿಯಾದವು. ಈಚಿನ ಒಂದು ಮಂಗಳವಾರ ರೇವಣ್ಣ ಶುರುಮಾಡಿದ. "ಏನಪ್ಪಾ ಜಿನದತ್ತ, ನಿಮ್ಮ ಕಂಪನೀಲಿ ಕ್ಯಾಲೆಂಡರ್ ಐತೋ ಇಲ್ವೋ? ಮಳೆಗಾಲದಲ್ಲಿ ಬರ್ತದೆ ಅಂದ್ರಿ. ಯಾವ ಮಳೆಗಾಲ ಅಂತ ಕೇಳೋದು ನಾವು ಮರ್ತ್ವಿ."

"ನಾನು ಕಾಗದ ತರೋನು ಅಷ್ಟೇ ಅಣ್ಣ" ಎಂದ ಜಿನದತ್ತ. ಅವನ ಚೀಲದ ಪಟ್ಟಿ ಕಿತ್ತು ಬಂದಿತ್ತು, ಎದೆಗೆ ಅವಚಿಕೊಂಡು ನಿಂತಿದ್ದ.

"ನೀವು ಪೋಸ್ಟ್‌ಮ್ಯಾನ್, ಅವರು ಮೇಲಿನೋರು, ನಾವು ಯಾರು? ಇಲ್ಲಿ ಕೊಡಿ ಆ ಚೀಲ" ಎಂದರು ಇಮಾಂ ಸಾಬರು. ಜೇಬಿನಿಂದ ಸೂಜಿ ದಾರ ತೆಗೆದು ಪಟ್ಟಿ ಹೊಲಿಯಲು ಕೂತರು. ಹೊಲಿಯುತ್ತಲೇ ಬೈದರು. "ಬೊಂಬೆ ನಿಲ್ಲಿಸಿದೀರಿ ನನ್ನ ಅಂಗಡೀಲಿ, ಐದು. ಗಿರಾಕಿಗಳು ಅವಕ್ಕೆ ನಮಸ್ಕಾರ ಹೇಳ್ತಾರೆ, ನನಗೆ ಹೇಳಲ್ಲ. ಬಾಲ ಮಾರುವಾಗ ನಾಚಿಕೆ ಆಗ್ಲಿಲ್ವಾ ನಿಮಗೆ? ಈ ಮೂಲೆ ಹಿಡ್ಕೊಳ್ಳಿ, ಸರಿಯಾಗಿ."

ಜಿನದತ್ತ ಮೂಲೆ ಹಿಡಿದುಕೊಂಡ. ಗಟ್ಟಿಯಾಗಿ ಎರಡು ಹೊಲಿಗೆ ಹಾಕಿ, ದಾರವನ್ನು ಹಲ್ಲಿನಿಂದ ಕಚ್ಚಿ, ಸಾಬರು ಚೀಲವನ್ನು ಹಿಂದಕ್ಕೆ ಕೊಟ್ಟರು. ಬೈಗುಳ ಇನ್ನೂ ಮುಗಿದಿರಲಿಲ್ಲ.

ದೇವೀರಕ್ಕ ಬೈಯುವವಳಲ್ಲ. ಜಗಲಿಯ ಕಂಬಕ್ಕೆ ಒರಗಿ, ನಾನು ಕಾಗದದಲ್ಲಿ ಅವಳ ಬೀರುವಿನ ಸಾಲಿಗೆ ಬರುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ದಿನ ನನ್ನ ಜೊತೆ ನಡೆದು ಬರುತ್ತ, "ಒಂದು ಮಾತು ಕೇಳ್ಲಾ ಅಮ್ಮ? ಒಲೆ ಹತ್ರ ಹೋಗೋಕೆ ಒಂದು ಮೊಳ ದಾರಿ ಉಳಿದದೆ. ಹೊಟ್ಟೆ ಒಳಕ್ಕೆಳಕೊಂಡು ಅಡ್ಡ ಅಡ್ಡ ಹೋಗ್ತೀನಿ. ಇನ್ನೊಂದು ಸಾಲು ಬೆಳೀತು ಅಂದ್ರೆ ಮೆಸ್ಸು ಮುಚ್ಚೋದೇ" ಎಂದಳು.

"ಯುಗಾದಿ ಹೊತ್ತಿಗೆ ಬರ್ತದೆ ದೇವೀರಕ್ಕ. ಬಂತು ಅಂದ್ರೆ ಈ ಬೀರು ಗೋಡೆಯೊಳಗೆ ಸೇರಿಹೋಗ್ತದೆ" ಎಂದೆ.

ಅವಳ ಮುಖದಲ್ಲಿದ್ದ ಗಂಟು ಸಡಿಲವಾಯಿತು. ಆ ಗಂಟು ಸಡಿಲವಾಗುವುದನ್ನು ನೋಡಲು ನನಗೆ ಬಹಳ ಇಷ್ಟ.

ಮುಂದಿನ ತಿಂಗಳ ಸಭೆಗೆ ನಾಲ್ಕು ದಿನ ಮೊದಲು ನನ್ನ ಕಣ್ಣಿನ ಪೊರೆ ತೆಗೆದರು. ಕಪ್ಪು ಕನ್ನಡಕ ಹಾಕಿಕೊಂಡು ಸಭೆಗೆ ಹೋಗಿ ಕೂತೆ, ಓದುವ ಹಾಗಿರಲಿಲ್ಲ. ಬೇರೆ ದಾರಿಯಿಲ್ಲದೆ ಕಾಗದವನ್ನು ಜಿನದತ್ತನಿಗೇ ಕೊಟ್ಟರು. ಅವನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಬೆಲೆಪಟ್ಟಿ ಓದುವವನ ಹಾಗೆ ಒಂದೇ ಸಮನೆ ಹೇಳಿದ. ಬಾಯಿಮಾತಿನ ಸೌಲಭ್ಯ, ಪರಿಶೀಲನೆಯಲ್ಲಿದೆ. ಅಳತೆಯ ಜೋಡಣೆಗೆ ಬೇಕಾದ ಬದಲಾವಣೆ, ಸದ್ಯಕ್ಕೆ ಆದ್ಯತೆಯಲ್ಲಿಲ್ಲ. ಒಬ್ಬೊಬ್ಬರ ಪಥ್ಯದ ಟಿಪ್ಪಣಿ, ಗ್ರಾಹಕರ ಅಭಿಪ್ರಾಯ ನೋಡಿಕೊಂಡು ಯೋಚಿಸಲಾಗುವುದು, ದಿನಾಂಕ ಹೇಳಲಾಗದು. ಕಾಗದ ಮಡಚಿದ.

ಎಲ್ಲರೂ ತಮ್ಮ ತಮ್ಮ ಅಂಗಡಿಯ ಕಡೆ ತಿರುಗಿ ನೋಡಿದರು. ಏನೂ ಇಳಿಯಲಿಲ್ಲ. ರೇವಣ್ಣ ಗಿರಣಿಯೊಳಗೆ ಹೋಗಿ ಬಂದು "ಕಿವಿ ಒಂದೇ ಐತೆ, ಜೋಡಿ ಬಂದಿಲ್ಲ" ಎಂದ. ದೇವೀರಕ್ಕ ಮನೆಗೆ ಓಡಿದಳು, ಏದುಸಿರು ಬಿಡುತ್ತ ಬಂದು "ಬೆಳೆದಿಲ್ಲ" ಎಂದಳು. "ನಿಮ್ಮ ನಾಲಗೆ ಒಳ್ಳೇದು ಬಿಡಿ ಜಿನದತ್ತ, ಇನ್ಮೇಲೆ ನೀವೇ ಓದಿ" ಎಂದು ಯಾರೋ ನಕ್ಕರು. ಎಲ್ಲರೂ ನಕ್ಕರು. ನಾನು ಕಪ್ಪು ಕನ್ನಡಕದ ಹಿಂದೆ ಕೂತಿದ್ದೆ.

ಡಾಕ್ಟರು ಓದಬೇಡಿ ಎಂದಿದ್ದರೂ ಮನೆಗೆ ಬಂದು ಹಳೆಯ ಕಾಗದಗಳನ್ನು ತೆಗೆದೆ. ಎರಡು ವರ್ಷದ್ದೂ ಒಂದು ಫೈಲಿನಲ್ಲಿ ಜೋಡಿಸಿಟ್ಟಿದ್ದೆ. ಭೂತಗನ್ನಡಿ ಹಿಡಿದು ನೋಡಿದೆ. ಪರಿಶೀಲನೆಯಲ್ಲಿದೆ, ಸಾಧ್ಯವಾದಲ್ಲಿ, ಯೋಚಿಸಲಾಗುವುದು. ಎಲ್ಲ ಕಾಗದದಲ್ಲೂ ಅದೇ. ಬರುತ್ತದೆ ಎಂಬ ಮಾತು ಎಲ್ಲೂ ಇರಲಿಲ್ಲ. ಮಳೆಗಾಲವೂ ಇರಲಿಲ್ಲ, ಯುಗಾದಿಯೂ ಇರಲಿಲ್ಲ. ಅವರು ಯೋಚಿಸುತ್ತೇವೆ ಎಂದದ್ದನ್ನು ನಾನು ಬರುತ್ತದೆ ಎಂದಿದ್ದೆ, ದಿನಾಂಕ ಹೇಳಲಾಗದು ಎಂದದ್ದಕ್ಕೆ ಹಬ್ಬ ಸೇರಿಸಿದ್ದೆ. ಮೋಸ ಮಾಡಬೇಕೆಂದಲ್ಲ. ಅಷ್ಟು ಜನ ಅಷ್ಟು ಆಸೆಯಿಂದ ನೋಡುತ್ತಿರುವಾಗ ಬರೀ ಯೋಚನೆಯನ್ನು ಅವರ ಕೈಗಿಡಲು ಬಾಯಿ ಬರಲಿಲ್ಲ. ಊರಿನ ಬೂದು ಸಾಮಾನೆಲ್ಲ ಕಂಪನಿಯದಲ್ಲ, ನನ್ನದು. ಆ ಸಣಕಲು ಮನುಷ್ಯ ಎರಡು ವರ್ಷ ನನ್ನ ಪಾಲಿನ ಬೈಗುಳ ತಿಂದಿದ್ದ.

ಮಾರನೆಯ ಬೆಳಗ್ಗೆ ಒಂಬತ್ತಕ್ಕೆ ದೇವೀರಕ್ಕನ ಅಡುಗೆಮನೆಗೆ ಹೋದೆ. ಬಾಗಿಲಲ್ಲೇ ಸ್ಲೇಟಿನ ವಾಸನೆ. ನನ್ನ ಯುಗಾದಿಯ ಮಾತಿಗೆ ಬೀರು ಮೇಲಕ್ಕೆ ಬೆಳೆದು ತೊಲೆಯನ್ನು ಮುಟ್ಟಿತ್ತು. ಅದರಾಚೆ ಒಲೆಯ ಮುಂದೆ ದೇವೀರಕ್ಕ ಕಾಣುತ್ತಿರಲಿಲ್ಲ, ಸೌಟಿನ ಸದ್ದು ಮಾತ್ರ ಕೇಳುತ್ತಿತ್ತು. ಕರೆದೆ. ಅವಳು ಅಡ್ಡಡ್ಡ ನುಸುಳಿಕೊಂಡು ಬಂದಳು, ರವಿಕೆಯ ತೋಳಿಗೆ ಬೂದಿಯಂಥದ್ದು ಮೆತ್ತಿತ್ತು. ಅಪ್ಪ ನನಗೆ ಮುಖ ಕೊಟ್ಟು ಹೇಳಿದ್ದು ನೆನಪಾಗಿ ನಾನು ಕಪ್ಪು ಕನ್ನಡಕ ತೆಗೆದೆ.

"ಅದು ಬರಲ್ಲ ದೇವೀರಕ್ಕ. ಕಂಪನಿಯೋರು ಬರ್ತದೆ ಅಂತ ಹೇಳೇ ಇಲ್ಲ. ಹೇಳ್ದೋಳು ನಾನು."

ಸದ್ದೇನೂ ಆಗಲಿಲ್ಲ. ಬೀರು ಇದ್ದ ಕಡೆ ಬೆಳಕು ಬಿತ್ತು, ಅಷ್ಟೆ. ಹಿಂದಿನ ಕಿಟಕಿ, ಅದರಾಚೆ ಕರಿಬೇವಿನ ಗಿಡ, ಒಲೆಯ ಮೇಲೆ ಕುದಿಯುತ್ತಿದ್ದ ತೊಗರಿಬೇಳೆ ಎಲ್ಲ ಒಟ್ಟಿಗೆ ಕಂಡವು. ದೇವೀರಕ್ಕ ತಿರುಗಿ ನೋಡಿದಳು. ಆಮೇಲೆ ಒಲೆಯವರೆಗೆ ನೇರ ನಡೆದು ಹೋದಳು, ಹಿಂದಕ್ಕೆ ಬಂದಳು, ಮತ್ತೆ ಹೋದಳು. ಎರಡು ವರ್ಷದಿಂದ ಹಾಗೆ ನಡೆದಿರಲಿಲ್ಲ.

"ನಾನು ದಾರ ಎಲ್ಲಾ ಬಿಚ್ಚಿಬಿಟ್ಟೆ ಅಮ್ಮ" ಎಂದಳು.

"ಗೊತ್ತು."

"ಉಪ್ಪು ಬೇಡ ಅಂದೋರಿಗೆ ಉಪ್ಪು ಹಾಕಿ ಕಳಿಸ್ದೆ. ನೀವು ಬರ್ತದೆ ಅಂತೀರಲ್ಲ ಅಂತ."

ಅವಳು ಸೌಟು ಎತ್ತಿಕೊಂಡಳು. "ಬೇಳೆ ತಳ ಹಿಡೀತದೆ. ನೀವು ಹೋಗಿ" ಎಂದಳು, ಮುಖ ತಿರುಗಿಸಿಕೊಂಡೇ.

ಆ ದಿನ ಉಳಿದ ಅಂಗಡಿಗಳಿಗೂ ಹೋದೆ. ಇಪ್ಪತ್ತೊಂದು ಬಾಗಿಲು. ಬೈದರೆ ಬೈಯಲಿ ಎಂದುಕೊಂಡು ಹೋದವಳಿಗೆ ಸಿಕ್ಕಿದ್ದು ಬೇರೆ. ರೇವಣ್ಣನ ಗೋಡೆಯಿಂದ ಕಿವಿ ಮಾಯವಾಗಿ ಚೀಲಗಳು ಕೆಳಗೆ ಬಿದ್ದಾಗ ಅವನು ಅವನ್ನು ಎತ್ತಿಡುವುದನ್ನೂ ಬಿಟ್ಟು ಯೋಚನೆಗೆ ಬಿದ್ದ. "ಇಷ್ಟು ಸಲೀಸಾ ಇದು" ಎಂದು ಹಿತ್ತಲಿನ ಕಡೆ ನೋಡಿದ. ಸಂಜೆ ಆ ತಂತಿ ಖಾಲಿಯಿತ್ತು. ಸೀರೆ ತರಲಾಗಲ್ಲ ಎಂದು ಹೆಂಡತಿಗೆ ಹೇಳಿದನಂತೆ. "ಹನ್ನೊಂದು ವರ್ಷಕ್ಕೆ ಇದೊಂದು ನಿಜ ಹೇಳಿದಾರೆ, ಆದ್ರೆ ನನ್ನ ನೆರಳು ಹೋಯ್ತು" ಎಂದು ಅವಳು ಹೇಳಿದ್ದಕ್ಕೆ ಒಂದು ಹಳೆಯ ಗೋಣಿಯನ್ನು ಅಲ್ಲಿ ಅವನೇ ಕಟ್ಟಿಕೊಟ್ಟ. ಇಮಾಂ ಸಾಬರು ನನ್ನನ್ನು ಬಾಗಿಲಲ್ಲೇ ತಡೆದರು. "ನಾಲ್ಕು ಬೊಂಬೆ ತೆಗೀರಿ ಅಮ್ಮ. ಒಂದನ್ನ ಬಿಟ್ಟುಬಿಡಿ. ಕೋಟಿನ ಭುಜ ಅದರ ಮೇಲೆ ಚೆನ್ನಾಗಿ ಕೂರ್ತದೆ." ಒಂದನ್ನೇ ಉಳಿಸುವುದು ಹೇಗೆಂದು ನನಗೂ ತಿಳಿಯಲಿಲ್ಲ, ಅವರಿಗೂ ತಿಳಿಯಲಿಲ್ಲ. ಕೊನೆಗೆ ಐದೂ ಹೋದವು. ಸಾಬರು ನೆಲಕ್ಕೆ ಬಿದ್ದ ಕೋಟುಗಳನ್ನು ಕೊಡವುತ್ತ, "ಮಾತು ನಿಮ್ಮದು, ಬೈಸ್ಕೊಂಡೋನು ಅವನು" ಎಂದು ಮಾತ್ರ ಹೇಳಿದರು.

ಜಿನದತ್ತನನ್ನು ಬಸ್ ನಿಲ್ದಾಣದಲ್ಲಿ ಹಿಡಿದೆ. ಬನ್ನು ಟೀ ಮುಂದಿಟ್ಟುಕೊಂಡು ಕೂತಿದ್ದ. ಎಲ್ಲ ಕೇಳಿ, ಬನ್ನನ್ನು ಎರಡು ತುಂಡು ಮಾಡಿ, ದೊಡ್ಡ ತುಂಡು ನನಗೆ ಕೊಟ್ಟ. "ನೀವು ಓದೋವಾಗ ನನಗೂ ಬರುತ್ತೆ ಅಂತಲೇ ಅನ್ಸೋದು ಅಮ್ಮ. ಇಂಗ್ಲಿಷ್ ಬರೋ ನನಗೇ" ಎಂದ.

ಆ ರಾಜಿಯ ಬನ್ನನ್ನು ತಿಂದೇ ಮನೆಗೆ ಬಂದೆ. ಆದರೆ ಮರುದಿನ ಬಾಗಿಲ ಹೊರಗೆ ಖಾಲಿ ಕ್ಯಾರಿಯರ್ ಇಡಲು ಕೈ ಬರಲಿಲ್ಲ. ಊರೆಲ್ಲ ನಕ್ಕು ಮರೆತರೂ ದೇವೀರಕ್ಕ ಮುಖ ತಿರುಗಿಸಿದ್ದು ನನಗೆ ಮರೆಯಲಿಲ್ಲ. ಅವಳ ಊಟ ತಿನ್ನುವ ಯೋಗ್ಯತೆ ನನಗಿದೆಯೇ ಎನಿಸಿತು. ಮೂರು ದಿನ ನಾನೇ ಅನ್ನ ಬೇಯಿಸಿಕೊಂಡೆ. ಒಂದು ದಿನ ಮುದ್ದೆಯಾಯಿತು, ಒಂದು ದಿನ ಅಕ್ಕಿಯಾಗಿಯೇ ಉಳಿಯಿತು. ಕ್ಯಾರಿಯರ್ ಗಾಡಿ ನಮ್ಮ ಬೀದಿಯಲ್ಲಿ ಹಾದುಹೋದಾಗ ಕಿಟಕಿಯಿಂದ ನೋಡಿದೆ. ಹಿಡಿಗಳಲ್ಲಿ ಬಣ್ಣಬಣ್ಣದ ದಾರ ಕುಣಿಯುತ್ತಿತ್ತು. ಬಿಸ್ಕತ್ತಿನ ಡಬ್ಬಿ ಅಟ್ಟದಿಂದ ಇಳಿದಿತ್ತು. ಸಾಫ್ಟ್‌ವೇರನ್ನು ಅವಳು ಬಿಡಲಿಲ್ಲವಂತೆ. ಬೀದಿ ಹೇಳಲು ಪರದೆ, ನಾಲಗೆ ಹೇಳಲು ದಾರ ಎಂದಳೆಂದು ಗಾಡಿಯವನಿಂದ ತಿಳಿಯಿತು. ಮನೆಮನೆಗೂ ಹೋಗಿ ಯಾರಿಗೆ ಏನು ಆಗದೆಂದು ಹೊಸದಾಗಿ ಕೇಳಿಕೊಂಡು ಬಂದಿದ್ದಳು. ನಮ್ಮ ಮನೆಗೆ ಬಂದಿರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಬಾಗಿಲು ತಟ್ಟಿದ ಸದ್ದಾಯಿತು. ಆ ಹೊತ್ತಿನಲ್ಲಿ ದೇವೀರಕ್ಕ ಒಲೆ ಬಿಟ್ಟು ಹೊರಗೆ ಬಂದದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತ ಮೆಟ್ಟಿಲ ಕೆಳಗೆ ನಿಂತಿದ್ದಳು. ನನ್ನ ಹಿಂದೆ, ಒಲೆಯ ಮೇಲೆ ಸೀದ ಅನ್ನದ ವಾಸನೆ ಅವಳಿಗೂ ಬಂದಿರಬೇಕು, ಒಮ್ಮೆ ಒಳಗೆ ಇಣುಕಿದಳು. ಎದುರು ಮನೆಯ ಹಸುವಿನ ಕಡೆಯೂ ಒಮ್ಮೆ ನೋಡಿದಳು.

"ಒಳಗೆ ಬಾ" ಎಂದೆ.

ಅವಳು ಬರಲಿಲ್ಲ. ಒಂದು ಮೆಟ್ಟಿಲು ಹತ್ತಿ ಕ್ಯಾರಿಯರನ್ನು ನನ್ನ ಕೈಗೆ ಕೊಟ್ಟಳು. ನಾನು ಸರಿಯಾಗಿ ಹಿಡಿದೆನೆಂದು ಗೊತ್ತಾಗುವವರೆಗೂ ತನ್ನ ಕೈ ಬಿಡಲಿಲ್ಲ. ಹಿಡಿಯಲ್ಲಿ ನೀಲಿ ದಾರವಿತ್ತು, ಎರಡು ಗಂಟು ಹಾಕಿ ಕಟ್ಟಿದ್ದು. ಆಮೇಲೆ ಅವಳು ತಿರುಗಿ, ಬೇಗ ಬೇಗ ಹೆಜ್ಜೆ ಹಾಕುತ್ತ ಬೀದಿಯಲ್ಲಿ ಇಳಿದು ಹೋದಳು.